ಗುರಿ ಮುಟ್ಟಿತು, ಮಕ್ಕಳು ಮುಟ್ಟಲಿಲ್ಲ: ಅಟ್ಲಾಂಟಾ ಶಾಲಾ ಜಿಲ್ಲೆಯ ಪ್ರಕರಣ

ಅಮೆರಿಕದ ಅಟ್ಲಾಂಟಾ ನಗರದಲ್ಲಿ ಪಾರ್ಕ್ಸ್ ಮಿಡಲ್ ಸ್ಕೂಲ್ ಎಂಬ ಶಾಲೆ ಇತ್ತು. 2005ರಲ್ಲಿ ಅಲ್ಲಿನ ಎಂಟನೇ ತರಗತಿಯಲ್ಲಿ ಗಣಿತ ಪಾಸಾದವರು ಶೇ 24. ಮರುವರ್ಷ ಶೇ 86. ಅದೇ ಕಟ್ಟಡ, ಅದೇ ಬಡವರ ಬಡಾವಣೆ. ನಮ್ಮ ಯಾವುದೇ ಹೈಸ್ಕೂಲ್ ಗಣಿತ ಮೇಷ್ಟ್ರನ್ನು ಕೇಳಿ ನೋಡಿ, ಒಂದೇ ವರ್ಷದಲ್ಲಿ ಇಷ್ಟು ಏರಿಕೆ ಎಂದರೆ ಮೊದಲು ಉತ್ತರ ಪತ್ರಿಕೆ ತೋರಿಸಿ ಅಂತಾರೆ. ಅಟ್ಲಾಂಟಾದ ಕೇಂದ್ರ ಕಚೇರಿಯಲ್ಲಿ ಯಾರೂ ಹಾಗೆ ಕೇಳಲಿಲ್ಲ. ಚಪ್ಪಾಳೆ ತಟ್ಟಿದರು, ಪಾರ್ಕ್ಸ್ ಶಾಲೆಯನ್ನು ಉಳಿದವರಿಗೆ ಮಾದರಿ ಅಂತ ತೋರಿಸಿದರು.

ಈ ಪ್ರಕರಣವನ್ನು ಸಾಮಾನ್ಯವಾಗಿ 'ಮೇಷ್ಟ್ರುಗಳು ಮಕ್ಕಳ ಉತ್ತರ ತಿದ್ದಿ ಸಿಕ್ಕಿಬಿದ್ದ ಕಥೆ' ಅಂತ ಹೇಳಿ ಮುಗಿಸುತ್ತಾರೆ. ನನಗೆ ಅದಕ್ಕಿಂತ ಆಸಕ್ತಿ ಇರುವುದು ಆ ಜಿಲ್ಲೆ ತನ್ನ ಗುರಿಗಳನ್ನು ಹಾಕಿಕೊಂಡ ರೀತಿಯಲ್ಲಿ. ಗುರಿಯಲ್ಲಿ ತಪ್ಪಿರಲಿಲ್ಲ. ಗುರಿಯನ್ನು ಲೆಕ್ಕ ಹಾಕಿದ ಕ್ರಮದಲ್ಲಿ, ಆ ಲೆಕ್ಕವನ್ನು ಯಾರ ಕೈಗೆ ಕೊಟ್ಟರು ಎಂಬುದರಲ್ಲಿ ತಪ್ಪಿತ್ತು.

ಹಿನ್ನೆಲೆ

ಮೊದಲಿಗೆ, ಅಲ್ಲಿನ ಶಾಲಾ ಜಿಲ್ಲೆ ಎಂದರೆ ನಮ್ಮ ಶೈಕ್ಷಣಿಕ ಜಿಲ್ಲೆಯಂಥದ್ದಲ್ಲ. ಚಿಕ್ಕೋಡಿಗೋ ಮಧುಗಿರಿಗೋ ಒಬ್ಬ ಡಿಡಿಪಿಐ (ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಇರುತ್ತಾರೆ, ಆದರೆ ಪಠ್ಯ, ನೇಮಕ, ಸಂಬಳ ಎಲ್ಲ ಬೆಂಗಳೂರಿನಿಂದ ಬರುತ್ತದೆ. ಅಮೆರಿಕದ ಜಿಲ್ಲೆಗೆ ಜನರೇ ಆರಿಸಿದ ಮಂಡಳಿ ಇರುತ್ತದೆ. ಊರಿನ ಆಸ್ತಿ ತೆರಿಗೆಯ ಒಂದು ಪಾಲು ನೇರ ಅದಕ್ಕೆ ಹೋಗುತ್ತದೆ. ಮಂಡಳಿಯು ಒಬ್ಬ ಸೂಪರಿಂಟೆಂಡೆಂಟರನ್ನು ಕರಾರಿನ ಮೇಲೆ ತರುತ್ತದೆ. ಮೇಷ್ಟ್ರನ್ನು ತೆಗೆದುಕೊಳ್ಳುವುದು, ಪ್ರಿನ್ಸಿಪಾಲರನ್ನು ಬದಲಿಸುವುದು, ಗುರಿ ಹಾಕುವುದು ಎಲ್ಲ ಜಿಲ್ಲೆಯೊಳಗೇ. ಹಾಗಾಗಿ ಒಬ್ಬ ಸೂಪರಿಂಟೆಂಡೆಂಟ್ ಮನಸ್ಸು ಮಾಡಿದರೆ ತುಂಬಾ ಮಾಡಬಹುದು. ತುಂಬಾ ಕೆಡಿಸಲೂಬಹುದು.

1999ರಲ್ಲಿ ಸೂಪರಿಂಟೆಂಡೆಂಟ್ ಆಗಿ ಅಟ್ಲಾಂಟಾಕ್ಕೆ ಬಂದವರು ಬೆವರ್ಲಿ ಹಾಲ್. ಹುಟ್ಟಿದ್ದು ಜಮೈಕಾದಲ್ಲಿ, ಅದಕ್ಕೆ ಮುಂಚೆ ನ್ಯೂಜೆರ್ಸಿಯ ನ್ಯೂಅರ್ಕ್ ಜಿಲ್ಲೆಯನ್ನು ನೋಡಿಕೊಂಡಿದ್ದವರು. ಅಟ್ಲಾಂಟಾದ ಶಾಲೆಗಳಲ್ಲಿ ಸುಮಾರು 50 ಸಾವಿರ ಮಕ್ಕಳು. ಬಹುಪಾಲು ಕಪ್ಪು ಸಮುದಾಯದವರು, ಬಹುಪಾಲು ಸರ್ಕಾರದ ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರಾಗುವಷ್ಟು ಬಡವರು. ಈ ಮಕ್ಕಳು ಓದುವುದೇ ಇಷ್ಟು ಎಂಬ ಮಾತನ್ನು ಹಾಲ್ ಒಪ್ಪಲಿಲ್ಲ. ಬಡತನವನ್ನು ನೆಪವಾಗಿ ಹೇಳುವಂತಿಲ್ಲ ಎಂಬುದು ಅವರ ಖಡಾಖಂಡಿತ ನಿಲುವು. ಕೇಳಲು ಚೆನ್ನಾಗಿದೆ, ಅಲ್ವಾ? ಅದರಲ್ಲಿ ನಿಜವೂ ಇತ್ತು.

ಅವರು ಸುಮ್ನೆ ಭಾಷಣ ಮಾಡಿ ಕೂರಲಿಲ್ಲ ಎಂಬುದನ್ನೂ ಹೇಳಬೇಕು. ಚಿಕ್ಕ ತರಗತಿಗಳಲ್ಲಿ ಓದು ಕಲಿಸಲು ಕ್ರಮಬದ್ಧ ಕಾರ್ಯಕ್ರಮ ತಂದರು. ಮೇಷ್ಟ್ರುಗಳ ಪಕ್ಕದಲ್ಲಿ ನಿಂತು ಹೇಳಿಕೊಡುವ ತರಬೇತುದಾರರನ್ನು ಇಟ್ಟರು. ಗೇಟ್ಸ್ ಫೌಂಡೇಶನ್‌ನಂಥ ಕಡೆಯಿಂದ ದುಡ್ಡು ತಂದರು. ಊರಿನ ಉದ್ಯಮಿಗಳು ಬೆನ್ನಿಗೆ ನಿಂತರು. ಈ ಕೆಲಸದ ಫಲ ಏನಾಯಿತು ಎಂಬುದಕ್ಕೆ ಆಮೇಲೆ ಬರುತ್ತೇನೆ, ಏಕೆಂದರೆ ಇಡೀ ಪ್ರಕರಣದಲ್ಲಿ ಜನ ಮರೆತುಬಿಡುವ ಭಾಗ ಅದು.

ಮೆಟ್ಟಿಲು

2002ರ ಆರಂಭದಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಒಂದು ಕಾನೂನು ತಂದಿತು. 2014ರ ಹೊತ್ತಿಗೆ ದೇಶದ ಪ್ರತಿ ಮಗುವೂ ಓದು, ಗಣಿತಗಳಲ್ಲಿ ರಾಜ್ಯದ ಮಟ್ಟ ಮುಟ್ಟಬೇಕು ಅಂತ. ಪ್ರತಿ ಮಗು, ಅಂದರೆ ಶೇ 100. ವರ್ಷ ವರ್ಷ ಇಷ್ಟಿಷ್ಟು ಏರಬೇಕು, ಏರದ ಶಾಲೆಯ ಮೇಲೆ ಒಂದೊಂದಾಗಿ ಕ್ರಮ. ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದಲ್ಲಿ ಇದನ್ನು ಅಳೆಯುತ್ತಿದ್ದುದು ಪ್ರತಿ ಏಪ್ರಿಲ್‌ನಲ್ಲಿ ನಡೆಯುತ್ತಿದ್ದ ಬಹು ಆಯ್ಕೆಯ ಪರೀಕ್ಷೆ. ನಾಲ್ಕು ಉತ್ತರ, ಒಂದು ಗುಂಡಿ, ಅಂದರೆ ಸಣ್ಣ ವೃತ್ತ, ಪೆನ್ಸಿಲ್‌ನಲ್ಲಿ ತುಂಬಬೇಕು.

ಇದೇ ಸಾಕಷ್ಟು ಬಿಗಿ. ಅಟ್ಲಾಂಟಾ ಜಿಲ್ಲೆ ಇದರ ಮೇಲೆ ತನ್ನದೇ ಗುರಿಗಳನ್ನು ಹಾಕಿಕೊಂಡಿತು, ಅವು ಕೇಂದ್ರದ ಗುರಿಗಿಂತ ಕಷ್ಟದವು. ಪಾಸಾದವರ ಪ್ರಮಾಣ ಏರಿದರೆ ಸಾಲದು, ಮೇಲಿನ ದರ್ಜೆಯಲ್ಲಿ ಪಾಸಾದವರ ಪ್ರಮಾಣವೂ ಏರಬೇಕು. ಪ್ರತಿ ಶಾಲೆಗೆ ಬೇರೆ ಬೇರೆ ಗುರಿ. ಆ ಗುರಿಯನ್ನು ಲೆಕ್ಕ ಹಾಕುತ್ತಿದ್ದುದು ಹಿಂದಿನ ವರ್ಷದ ಫಲಿತಾಂಶದ ಮೇಲೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಉದಾಹರಣೆಗೆ ಒಂದು ಪ್ರಾಥಮಿಕ ಶಾಲೆಯಲ್ಲಿ ಈ ವರ್ಷ ನಿಜವಾಗಿ ಪಾಸಾಗಬಹುದಾದವರು ನೂರಕ್ಕೆ 60 ಎಂದುಕೊಳ್ಳಿ. ಯಾರೋ ಕೈಯಾಡಿಸಿ 75 ಮಾಡಿದರು. ಮುಂದಿನ ವರ್ಷದ ಗುರಿ 60ರ ಮೇಲೆ ಬರುವುದಿಲ್ಲ, 75ರ ಮೇಲೆ ಬರುತ್ತದೆ. ಈಗ ನಿಜವಾಗಿ ಚೆನ್ನಾಗಿ ಕಲಿಸಿ 64ಕ್ಕೆ ತಂದರೂ ಕಾಗದದಲ್ಲಿ ಅದು 11 ಅಂಶಗಳ ಕುಸಿತ. ಕಳೆದ ವರ್ಷ ಕೈಯಾಡಿಸಿದವರು ಈ ವರ್ಷ ಇನ್ನೂ ಜಾಸ್ತಿ ಕೈಯಾಡಿಸಬೇಕು. ಇದು ಅವರಿಗೆ ಮಾತ್ರ ಸೀಮಿತವೂ ಅಲ್ಲ. ಅಂಥ ಶಾಲೆಯಿಂದ ಐದನೇ ತರಗತಿ ಮುಗಿಸಿದ ಮಕ್ಕಳು ಮಿಡಲ್ ಸ್ಕೂಲಿಗೆ ಬರುತ್ತಾರೆ. ಕಾಗದದಲ್ಲಿ ಜಾಣರು. ಓದಲು ಕೊಟ್ಟರೆ ತಡವರಿಸುತ್ತಾರೆ. ಆ ಮಿಡಲ್ ಸ್ಕೂಲಿನ ಮೇಷ್ಟ್ರು ಯಾವ ತಪ್ಪೂ ಮಾಡಿಲ್ಲ, ಆದರೆ ಮಕ್ಕಳು ಅವರ ಕೈಯಲ್ಲಿ ಹಾಳಾದರು ಎಂದೇ ಲೆಕ್ಕ ತೋರಿಸುತ್ತದೆ. ಪಾರ್ಕ್ಸ್‌ಗೆ ಆದದ್ದು ಹೀಗೇ. ಕೆಳಗಿನ ಶಾಲೆಗಳಿಂದ ಬಂದ ಮಕ್ಕಳ ಅಂಕಕ್ಕೂ ಅವರ ಓದಿಗೂ ತಾಳೆಯಾಗುತ್ತಿಲ್ಲ ಎಂದು ಅಲ್ಲಿನವರಿಗೆ ಗೊತ್ತಿತ್ತು.

ಪ್ರಾಮಾಣಿಕನಿಗೆ ಈ ಮೆಟ್ಟಿಲಿನಿಂದ ಇಳಿಯುವ ದಾರಿಯೇ ಇರಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದ ಕೀಲು ಇದು. ಬೆದರಿಕೆ, ಬೋನಸ್ ಎಲ್ಲ ಆಮೇಲೆ.

ಬಹುಮಾನ, ಭಯ

ಬೋನಸ್ ಇತ್ತು. ತನ್ನ ಗುರಿಗಳಲ್ಲಿ ಶೇ 70ರಷ್ಟು ಮುಟ್ಟಿದ ಶಾಲೆಯ ಎಲ್ಲರಿಗೂ ಸಿಗುತ್ತಿತ್ತು, ಬಸ್ ಡ್ರೈವರಿನಿಂದ ಅಡುಗೆ ಮನೆಯವರ ತನಕ. ತಲೆಗೆ ಗರಿಷ್ಠ 2,000 ಡಾಲರ್. ಹಾಲ್ ಅವರ ಕರಾರಿನಲ್ಲೂ ಫಲಿತಾಂಶಕ್ಕೆ ಕಟ್ಟಿದ ಬೋನಸ್ ಇತ್ತು, ವರ್ಷಗಳು ಸೇರಿ ಅದು 5 ಲಕ್ಷ ಡಾಲರ್ ದಾಟಿತ್ತು.

ಪ್ರತಿ ವರ್ಷ ಊರಿನ ದೊಡ್ಡ ಕ್ರೀಡಾಂಗಣದಲ್ಲಿ, ಜಾರ್ಜಿಯಾ ಡೋಮ್‌ನಲ್ಲಿ, ಜಿಲ್ಲೆಯ ಸಮಾವೇಶ. ಗುರಿ ಮುಟ್ಟಿದ ಶಾಲೆಯವರಿಗೆ ಕೆಳಗೆ ಮೈದಾನದಲ್ಲಿ ಕುರ್ಚಿ. ಮುಟ್ಟದವರು ಮೇಲೆ, ಪಕ್ಕದ ಗ್ಯಾಲರಿಯಲ್ಲಿ. ಇಡೀ ಊರಿನ ಮೇಷ್ಟ್ರುಗಳ ಮುಂದೆ ಯಾರು ಎಲ್ಲಿ ಕೂತಿದ್ದಾರೆ ಅಂತ ಎಲ್ಲರಿಗೂ ಕಾಣುತ್ತದೆ. ಜಿಲ್ಲಾ ಮಟ್ಟದ ಪ್ರಗತಿ ಪರಿಶೀಲನಾ ಸಭೆಯಲ್ಲಿ ಫಲಿತಾಂಶ ಕಡಿಮೆಯಾದ ಹೆಡ್‌ಮಾಸ್ಟರನ್ನು ಎದ್ದು ನಿಲ್ಲಿಸಿ ಕೇಳುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಿನ್ಸಿಪಾಲರಿಗೆ ಮೂರು ವರ್ಷದ ಗಡುವು. ಅಷ್ಟರಲ್ಲಿ ಗುರಿ ಮುಟ್ಟದಿದ್ದರೆ ಜಾಗ ಖಾಲಿ ಮಾಡಬೇಕು. ಹಾಲ್ ಅವರ ಕಾಲದಲ್ಲಿ ಪ್ರಿನ್ಸಿಪಾಲರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಬದಲಾದರು. ಆ ಭಯ ಕೆಳಕ್ಕೆ ಹರಿಯಿತು. ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಅಂಕ ಕಡಿಮೆ ಬಂತೆಂದು ಒಬ್ಬ ಟೀಚರನ್ನು ಸಿಬ್ಬಂದಿ ಸಭೆಯಲ್ಲಿ ಮೇಜಿನ ಕೆಳಗೆ ತೆವಳಿಸಿದರು. ತನಿಖಾ ವರದಿಯಲ್ಲೇ ಇದೆ ಇದು.

ರಬ್ಬರಿನ ಕೆಲಸ

ಹೇಗೆ ಮಾಡುತ್ತಿದ್ದರು ಎಂಬುದು ಬಹಳ ಸರಳ. ಪರೀಕ್ಷೆ ನಡೆಯುವುದು ಆಯಾ ಶಾಲೆಯಲ್ಲೇ, ನಡೆಸುವುದು ಆಯಾ ತರಗತಿಯ ಟೀಚರೇ. ಉತ್ತರ ಹಾಳೆಗಳು ಕೆಲವು ದಿನ ಶಾಲೆಯಲ್ಲೇ ಇರುತ್ತವೆ. ಹಾಳೆಯ ಮೇಲಿನ ಅನಗತ್ಯ ಪೆನ್ಸಿಲ್ ಗೀಟುಗಳನ್ನು ಅಳಿಸಿ ಶುಚಿ ಮಾಡಿ ಕೊಡಿ ಎಂದು ಟೀಚರುಗಳನ್ನು ಕೂರಿಸುತ್ತಿದ್ದರು, ಯಂತ್ರ ತಪ್ಪಾಗಿ ಓದಬಾರದು ನೋಡಿ. ರಬ್ಬರ್ ಹಿಡಿದು ಕೂರಲು ಇದಕ್ಕಿಂತ ಒಳ್ಳೆ ನೆಪ ಬೇಕೇ? ಗೀಟು ಅಳಿಸುತ್ತಾ ತಪ್ಪು ಗುಂಡಿಯೂ ಅಳಿಯಿತು, ಪಕ್ಕದ ಸರಿ ಗುಂಡಿ ತುಂಬಿತು.

ಪಾರ್ಕ್ಸ್‌ನಲ್ಲಿ ಒಬ್ಬ ಗಣಿತ ಮೇಷ್ಟ್ರು ಪ್ರಶ್ನೆಪತ್ರಿಕೆಯ ಪ್ಲಾಸ್ಟಿಕ್ ಹೊದಿಕೆಯನ್ನು ಬ್ಲೇಡಿನಿಂದ ಸೀಳಿ, ನಕಲು ತೆಗೆದು, ಲೈಟರಿನ ಬಿಸಿಯಲ್ಲಿ ಹೊದಿಕೆಯ ತುದಿ ಮತ್ತೆ ಅಂಟಿಸಿದ್ದರು. ಇನ್ನೊಂದು ಶಾಲೆಯವರು ವಾರಾಂತ್ಯದಲ್ಲಿ ಒಬ್ಬ ಟೀಚರ ಮನೆಯಲ್ಲಿ ಸೇರಿ ಹಾಳೆ ತಿದ್ದಿದರು. ಕೆಲವರು ಪರೀಕ್ಷೆ ನಡೆಯುತ್ತಿರುವಾಗಲೇ ಸರಿ ಉತ್ತರ ಓದುವಲ್ಲಿ ದನಿ ಬದಲಿಸುತ್ತಿದ್ದರು. ದಡ್ಡ ಹುಡುಗನನ್ನು ಜಾಣೆಯ ಪಕ್ಕ ಕೂರಿಸುವುದಂತೂ ಎಲ್ಲ ಊರಿನಲ್ಲೂ ಇರುವ ಉಪಾಯ.

ಇವರಲ್ಲಿ ಬಹಳ ಮಂದಿ ದುಡ್ಡಿಗಾಗಿ ಮಾಡಿದವರಲ್ಲ. ಶಾಲೆ ಮುಚ್ಚಿಬಿಡುತ್ತಾರೆ, ಮಕ್ಕಳು ಚದುರಿಹೋಗುತ್ತಾರೆ ಎಂಬ ದಿಗಿಲು ಕೆಲವರಿಗೆ. ಕೆಲಸ ಹೋಗುವ ದಿಗಿಲು ಹಲವರಿಗೆ. ಪ್ರಿನ್ಸಿಪಾಲರು ಹೇಳಿದರು, ಮಾಡಿದೆವು, ಅಷ್ಟೇ ಅಂದವರೂ ಇದ್ದಾರೆ.

ಯಾರೂ ಬಾಯಿ ಬಿಡಲಿಲ್ಲ ಎಂದೇನೂ ಅಲ್ಲ. ಪಾರ್ಕ್ಸ್ ಬಗ್ಗೆ 2006ರಲ್ಲೇ ದೂರು ಹೋಗಿತ್ತು. ಜಿಲ್ಲೆಯೇ ಹೊರಗಿನ ಒಬ್ಬ ತನಿಖಾಧಿಕಾರಿಯನ್ನು ನೇಮಿಸಿತು. ಅಕ್ರಮ ಆಗಿದೆ ಎಂದು ಅವರು ವರದಿ ಕೊಟ್ಟರು. ಆ ಪ್ರಿನ್ಸಿಪಾಲರ ಮೇಲೆ ಕ್ರಮ ಆಗಲಿಲ್ಲ, ಮುಂದಿನ ವರ್ಷಗಳಲ್ಲೂ ಪಾರ್ಕ್ಸ್ ಮಾದರಿ ಶಾಲೆಯಾಗಿಯೇ ಉಳಿಯಿತು. 2009ರಲ್ಲಿ ಹಾಲ್ ಅವರಿಗೆ ದೇಶದ ವರ್ಷದ ಸೂಪರಿಂಟೆಂಡೆಂಟ್ ಪ್ರಶಸ್ತಿ ಬಂತು.

ಯಂತ್ರ ಹೇಳಿದ್ದು

ಮೊದಲು ಹಿಡಿದದ್ದು ಪತ್ರಿಕೆಯವರು. 2008ರ ಕೊನೆಗೆ ಅಟ್ಲಾಂಟಾ ಜರ್ನಲ್-ಕಾನ್‌ಸ್ಟಿಟ್ಯೂಷನ್ ದಿನಪತ್ರಿಕೆ, ಬೇಸಿಗೆಯ ಮರುಪರೀಕ್ಷೆಯಲ್ಲಿ ಕೆಲವು ಶಾಲೆಗಳ ಜಿಗಿತ ನಂಬುವ ಹಾಗಿಲ್ಲ ಎಂದು ಲೆಕ್ಕ ಸಮೇತ ಬರೆಯಿತು. ಜಿಲ್ಲೆ ತಳ್ಳಿಹಾಕಿತು. ಆಮೇಲೆ ರಾಜ್ಯ ಸರ್ಕಾರ ಉತ್ತರ ಹಾಳೆಗಳನ್ನೇ ಮತ್ತೆ ಯಂತ್ರಕ್ಕೆ ಹಾಕಿಸಿತು.

ಗುಂಡಿ ಅಳಿಸಿದರೂ ಕಾಗದದ ಮೇಲೆ ತೆಳು ಬೂದು ಕಲೆ ಉಳಿಯುತ್ತದೆ. ಓದುವ ಯಂತ್ರಕ್ಕೆ ಅದು ಕಾಣುತ್ತದೆ. ಯಾವ ಉತ್ತರ ಅಳಿಸಿ ಯಾವುದನ್ನು ತುಂಬಿದರು, ತಪ್ಪಿನಿಂದ ಸರಿಗೆ ಹೋದದ್ದು ಎಷ್ಟು ಅಂತ ಎಣಿಸಬಹುದು. ಮಕ್ಕಳು ತಾವಾಗಿಯೂ ಅಳಿಸಿ ಬರೆಯುತ್ತಾರೆ, ಆದರೆ ತೀರಾ ಕಡಿಮೆ. ಆ ರಾಜ್ಯ ಮಟ್ಟದ ಸರಾಸರಿಯ ಜೊತೆ ಪ್ರತಿ ತರಗತಿಯನ್ನು ಹೋಲಿಸಿದರು. ಕೆಲವು ತರಗತಿಗಳಲ್ಲಿ ತಪ್ಪಿನಿಂದ ಸರಿಗೆ ಹೋದ ಅಳಿಕೆಗಳು ಎಷ್ಟಿದ್ದವೆಂದರೆ ಆಕಸ್ಮಿಕ ಎಂದು ಹೇಳಲು ಯಾವ ಲೆಕ್ಕದ ಮೇಷ್ಟ್ರೂ ಒಪ್ಪುವಂತಿರಲಿಲ್ಲ. 2010ರ ಫೆಬ್ರವರಿಯಲ್ಲಿ ಹೊರಬಂದ ಪಟ್ಟಿಯಲ್ಲಿ ಅಟ್ಲಾಂಟಾದ 58 ಶಾಲೆಗಳಿದ್ದವು. ಜಿಲ್ಲೆಯ ಪ್ರಾಥಮಿಕ, ಮಿಡಲ್ ಶಾಲೆಗಳಲ್ಲಿ ಸುಮಾರು ಮೂರರಲ್ಲಿ ಎರಡು.

ಜಿಲ್ಲೆಯೇ ರಚಿಸಿಕೊಂಡ ಒಂದು ಸಮಿತಿ ಅಷ್ಟೇನೂ ಆಗಿಲ್ಲ ಎಂಬ ಧಾಟಿಯ ವರದಿ ಕೊಟ್ಟಿತು. ಅದರಲ್ಲಿ ಊರಿನ ಉದ್ಯಮ ವಲಯದವರದೇ ಕೈ ಮೇಲಿತ್ತು. ರಾಜ್ಯಪಾಲ ಸಾನಿ ಪರ್ಡ್ಯೂ ಒಪ್ಪದೆ ತನ್ನದೇ ತನಿಖಾಧಿಕಾರಿಗಳನ್ನು ನೇಮಿಸಿದರು. ಅಲ್ಲಿ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಯಂತೆ ಚುನಾಯಿತರು. ರಾಜ್ಯದ ತನಿಖಾ ದಳದ ಪೊಲೀಸರು ಶಾಲೆಗಳಿಗೆ ಹೋಗಿ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರು. 2011ರ ಜುಲೈನಲ್ಲಿ ವರದಿ ಹೊರಬಿತ್ತು: ಪರಿಶೀಲಿಸಿದ 56 ಶಾಲೆಗಳಲ್ಲಿ 44ರಲ್ಲಿ ಅಕ್ರಮ, 38 ಪ್ರಿನ್ಸಿಪಾಲರು ಸೇರಿ 178 ಮಂದಿಯ ಕೈವಾಡ, ಅದರಲ್ಲಿ 82 ಮಂದಿ ತಪ್ಪೊಪ್ಪಿಕೊಂಡಿದ್ದಾರೆ.

ಹಾಲ್ ಅಷ್ಟರಲ್ಲಿ ಹುದ್ದೆ ಬಿಟ್ಟಿದ್ದರು. ತನಗೇನೂ ಗೊತ್ತಿರಲಿಲ್ಲ, ತಾನು ಯಾರಿಗೂ ಹೇಳಿ ಮಾಡಿಸಿಲ್ಲ ಎಂದು ಕೊನೆಯವರೆಗೂ ಅಂದರು. 2013ರ ಮಾರ್ಚ್‌ನಲ್ಲಿ ಅವರೂ ಸೇರಿ 35 ಮಂದಿಯ ಮೇಲೆ ಆರೋಪಪಟ್ಟಿ. ಹಾಲ್ ಅವರಿಗೆ ಕ್ಯಾನ್ಸರ್ ಇತ್ತು, ವಿಚಾರಣೆಗೆ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. 2015ರ ಮಾರ್ಚ್‌ನಲ್ಲಿ ತೀರಿಕೊಂಡರು. ಮರುತಿಂಗಳು ಏಪ್ರಿಲ್ 1ರಂದು, ವಿಚಾರಣೆ ಎದುರಿಸಿದ 12 ಮಂದಿಯಲ್ಲಿ 11 ಮಂದಿ ತಪ್ಪಿತಸ್ಥರು ಎಂದು ಜ್ಯೂರಿ ಹೇಳಿತು. ಹಾಕಿದ್ದು ಸಂಘಟಿತ ಅಪರಾಧದ ಕಾನೂನು, ಮಾಫಿಯಾ ಗುಂಪುಗಳನ್ನು ಹಿಡಿಯಲು ಹುಟ್ಟಿದ್ದು. ಮೂವರು ಹಿರಿಯ ಅಧಿಕಾರಿಗಳಿಗೆ ನ್ಯಾಯಾಧೀಶರು ಮೊದಲು 7 ವರ್ಷ ಜೈಲು ಅಂದರು, ಎರಡು ವಾರದಲ್ಲಿ ತಾವೇ ಅದನ್ನು 3 ವರ್ಷಕ್ಕೆ ಇಳಿಸಿದರು.

ಇದು ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ರಬ್ಬರ್ ಹಿಡಿದವರನ್ನು ಗ್ಯಾಂಗ್ ಎಂದು ಕರೆದರೆ, ಗುರಿಯ ಕೋಷ್ಟಕ ಬರೆದವರು, ಅದಕ್ಕೆ ಸಹಿ ಹಾಕಿದ ಮಂಡಳಿ, ಮೈದಾನದಲ್ಲಿ ಚಪ್ಪಾಳೆ ತಟ್ಟಿದ ಉದ್ಯಮಿಗಳು ಎಲ್ಲಿ ಹೋದರು? ಕೆಲಸದಿಂದ ತೆಗೆಯುವುದು, ಲೈಸೆನ್ಸ್ ಕಿತ್ತುಕೊಳ್ಳುವುದು ಸರಿ, ಅದು ಆಗಬೇಕಿತ್ತು, ಆಯಿತು ಕೂಡ.

ಮಕ್ಕಳಿಗೆ ತಪ್ಪಿದ್ದು

ಸುಳ್ಳು ಅಂಕದಿಂದ ಮಗುವಿಗೆ ಏನು ನಷ್ಟ, ಪಾಸಾದರಾಯಿತಲ್ಲ ಎನ್ನುವವರಿದ್ದಾರೆ. ಪಾರ್ಕ್ಸ್ ಲೆಕ್ಕ ನೋಡಿ. ಹಿಂದುಳಿದ ಶಾಲೆ ಎಂಬ ಪಟ್ಟಿಯಲ್ಲಿ ಇದ್ದಾಗ ಅದಕ್ಕೆ ಹೆಚ್ಚುವರಿ ಸರ್ಕಾರಿ ಅನುದಾನ ಬರುತ್ತಿತ್ತು. ಅಂಕ 'ಸುಧಾರಿಸಿದ' ಕೂಡಲೇ ಪಟ್ಟಿಯಿಂದ ಹೊರಬಿತ್ತು, ಸುಮಾರು ಏಳೂವರೆ ಲಕ್ಷ ಡಾಲರ್ ಕೈತಪ್ಪಿತು. ಅಂದರೆ ಸಂಜೆ ಪಾಠಕ್ಕೆ, ಹೆಚ್ಚಿನ ಮೇಷ್ಟ್ರಿಗೆ ಬರಬೇಕಿದ್ದ ದುಡ್ಡು, ಆ ಸಹಾಯ ಯಾರಿಗೆ ಜಾಸ್ತಿ ಬೇಕಿತ್ತೋ ಅವರಿಗೇ ಇಲ್ಲದಾಯಿತು. ತಮ್ಮ ಮಗಳಿಗೆ ಓದಲು ಬರುತ್ತಿಲ್ಲ ಎಂದು ಶಾಲೆಗೆ ಬಂದ ತಾಯಿಗೆ ಅಂಕಪಟ್ಟಿ ತೋರಿಸಿ ವಾಪಸ್ ಕಳಿಸಬಹುದಿತ್ತು. ಹಾಗೆ ಆಗಿಯೂ ಇದೆ.

ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಈ ಮಕ್ಕಳ ಮುಂದಿನ ವರ್ಷಗಳ ಜಾಡು ಹಿಡಿದು ನೋಡಿದರು. ಉತ್ತರ ತಿದ್ದಿಸಿಕೊಂಡ ಮಕ್ಕಳು ಓದು, ಭಾಷೆಯಲ್ಲಿ ಆಮೇಲೂ ಹಿಂದೆ ಬಿದ್ದಿದ್ದರು.

ಈಗ ಆಗಲೇ ಹೇಳಿದ ಮರೆತ ಭಾಗಕ್ಕೆ ಬರೋಣ. ಅಮೆರಿಕದಲ್ಲಿ ಕೇಂದ್ರದವರು ಎರಡು ವರ್ಷಕ್ಕೊಮ್ಮೆ ಮಾದರಿ ಮಕ್ಕಳನ್ನು ಆರಿಸಿ ನಡೆಸುವ ಇನ್ನೊಂದು ಪರೀಕ್ಷೆ ಇದೆ. ನಡೆಸುವವರು ಹೊರಗಿನವರು, ಆಗ ಹಾಳೆ ಅವತ್ತೇ ಹೊರಗೆ ಹೋಗುತ್ತಿತ್ತು. ಫಲಿತಾಂಶ ಶಾಲೆಗೂ ಇಲ್ಲ, ಮೇಷ್ಟ್ರಿಗೂ ಇಲ್ಲ, ಇಡೀ ಜಿಲ್ಲೆಗೆ ಒಂದೇ ಅಂಕ. ಮೋಸ ಮಾಡಿ ಯಾರಿಗೂ ಲಾಭವಿಲ್ಲ. ಆ ಪರೀಕ್ಷೆಯಲ್ಲೂ 2002ರಿಂದ 2009ರ ನಡುವೆ ಅಟ್ಲಾಂಟಾದ ಮಕ್ಕಳು ಓದಿನಲ್ಲಿ ಚೆನ್ನಾಗಿಯೇ ಮೇಲೆ ಬಂದಿದ್ದರು! ಓದಿನ ಕಾರ್ಯಕ್ರಮ, ತರಬೇತುದಾರರು, ತಂದ ದುಡ್ಡು, ಇವುಗಳಲ್ಲಿ ಏನೋ ಕೆಲಸ ಮಾಡಿತ್ತು. ನಿಜವಾದ ಏರಿಕೆ ನಿಧಾನದ್ದು, ವರ್ಷಕ್ಕೆ ಸ್ವಲ್ಪ ಸ್ವಲ್ಪ. ಜಿಲ್ಲೆಯ ಗುರಿಪಟ್ಟಿಗೆ ಆ ವೇಗ ಸಾಲದಾಗಿತ್ತು. ಹಾಲ್ ಅವರ ದುರಂತ ಇಲ್ಲಿದೆ: ತೋರಿಸಲು ಸಾಚಾ ಸಾಧನೆ ಇತ್ತು, ಅದು ಈಗ ಯಾರ ನೆನಪಿನಲ್ಲೂ ಇಲ್ಲ.

ನಮ್ಮ ಕಡೆ

ಕರ್ನಾಟಕದಲ್ಲಿ 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಮೊದಲ ಬಾರಿ ಎಲ್ಲ ಕೇಂದ್ರಗಳಲ್ಲಿ ವೆಬ್‌ಕಾಸ್ಟಿಂಗ್ ಬಂತು. ಕೊಠಡಿಯ ಕ್ಯಾಮೆರಾ, ಜಿಲ್ಲಾ ಕೇಂದ್ರದಲ್ಲಿ ಕೂತು ನೋಡುವ ಸಿಬ್ಬಂದಿ. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಏರಿಸದಿದ್ದರೆ ಶೇ 54ರ ಹತ್ತಿರ ನಿಲ್ಲುತ್ತಿತ್ತು. ಹಿಂದಿನ ವರ್ಷ ಮೊದಲ ಸ್ಥಾನದಲ್ಲಿದ್ದ ಜಿಲ್ಲೆ ಇಪ್ಪತ್ತರಾಚೆಗೆ ಸರಿಯಿತು. ಇಳಿಕೆಯೆಲ್ಲ ಕಾಪಿ ನಿಂತದ್ದರಿಂದಲೇ ಆಯಿತು ಅಂತ ಹೇಳಲಾಗದು. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದಾಗ ಈ ಮಕ್ಕಳು ಏಳು, ಎಂಟನೇ ತರಗತಿಯಲ್ಲಿದ್ದರು, ಅದೂ ಲೆಕ್ಕಕ್ಕೆ ಬರಬೇಕು. ಆದರೆ ಒಂದೇ ವರ್ಷದಲ್ಲಿ ಪಟ್ಟಿ ಹೀಗೆ ತಲೆಕೆಳಗಾದರೆ, ಹಳೆಯ ಪಟ್ಟಿಯಲ್ಲಿ ಅಳೆದದ್ದು ಏನನ್ನು ಎಂದು ಕೇಳಲೇಬೇಕಾಗುತ್ತದೆ.

ಅಟ್ಲಾಂಟಾ ಜೊತೆ ಇದನ್ನು ಪೂರ್ತಿ ಸಮ ಮಾಡುವುದೂ ಸರಿಯಲ್ಲ. ನಮ್ಮಲ್ಲಿ ಮೇಷ್ಟ್ರಿಗೆ ಫಲಿತಾಂಶದ ಬೋನಸ್ ಇಲ್ಲ. ಉತ್ತರ ಪತ್ರಿಕೆ ಬೇರೆ ಊರಿನ ಮೌಲ್ಯಮಾಪನ ಕೇಂದ್ರಕ್ಕೆ ಹೋಗುತ್ತದೆ. ಒತ್ತಡದ ದಾರಿ ಮಾತ್ರ ಅದೇ: ಜಿಲ್ಲೆಗಳ ಕ್ರಮಾಂಕ, ಅದನ್ನು ಹಿಡಿದು ಡಿಡಿಪಿಐ ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒಗೆ, ಬಿಇಒ ಹೆಡ್‌ಮಾಸ್ಟರಿಗೆ, ಕಡಿಮೆ ಬಂದ ಶಾಲೆಗೆ ಕಾರಣ ಕೇಳಿ ನೋಟಿಸ್. ಜನವರಿ ಬಂತೆಂದರೆ ಪಾಸಿಂಗ್ ಪ್ಯಾಕೇಜ್ ಹಿಡಿದುಕೊಂಡು ಕೂರುವುದು, ಗ್ಯಾರಂಟಿ ಬರುವ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸುವುದು. ಅದು ಮೋಸವಲ್ಲ. ಹತ್ತನೇ ತರಗತಿಗೆ ಬಂದ ಮೇಲೂ ಕನ್ನಡ ಓದಲು ತಡವರಿಸುವ ಹುಡುಗನಿಗೆ ಆ ಹೊತ್ತಿನಲ್ಲಿ ಬೇರೇನು ಮಾಡಲು ಸಾಧ್ಯ ಎಂದು ಮೇಷ್ಟ್ರು ಕೇಳಿದರೆ ನನ್ನಲ್ಲೂ ಉತ್ತರವಿಲ್ಲ. ಉತ್ತರ ಇರಬೇಕಾದ್ದು ಮೂರನೇ, ನಾಲ್ಕನೇ ತರಗತಿಯಲ್ಲಿ. ಜಿಲ್ಲೆಯ ಕ್ರಮಾಂಕದಲ್ಲಿ ಆ ತರಗತಿಗಳ ಸುದ್ದಿಯೇ ಬರುವುದಿಲ್ಲ.

2025ರಲ್ಲಿ ಹೆಚ್ಚುವರಿ ಕೃಪಾಂಕ ತೆಗೆದರು, ಕ್ಯಾಮೆರಾ ಉಳಿಸಿಕೊಂಡರು. ಮೊದಲ ಪರೀಕ್ಷೆಯ ಫಲಿತಾಂಶ ಶೇ 66ರ ಆಸುಪಾಸು ಬಂತು. ಒಂದು ಜಿಲ್ಲೆ ನಿಜವಾದ ಸಂಖ್ಯೆಯಿಂದ ಗುರಿ ಹಾಕಿಕೊಳ್ಳಬೇಕೆಂದರೆ ಶುರು ಮಾಡಬೇಕಾದ ಜಾಗ ಇದೇ. ಅಲ್ಲಿಂದ ಮುಂದಿನ ವರ್ಷಕ್ಕೆ ಎಷ್ಟು ಏರಿಕೆ ಕೇಳುತ್ತಾರೆ, ಆ ಏರಿಕೆಗೆ ಬೇಕಾದ ಮೇಷ್ಟ್ರನ್ನು ಖಾಲಿ ಹುದ್ದೆಗಳಿಗೆ ತುಂಬುತ್ತಾರೋ ಇಲ್ಲವೋ, ಈ ಎರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಯಾವ ಜಿಲ್ಲೆ ಯಾವ ದಾರಿಯಲ್ಲಿದೆ ಅಂತ ಗೊತ್ತಾಗುತ್ತದೆ.